ನಮ್ಮ ಮನೆಯವರ ಮೂಗು

ನಮ್ಮ ಮನೆಯವರ ಹೆಸರು ಗೋವರ್ಧನ. ಹೆಮ್ಮಾಡಿಯಿಂದ ವಂಡ್ಸೆ ಕಡೆಗೆ ತಿರುಗಿದರೆ ರಸ್ತೆ ಬದಿಯಲ್ಲಿ ತಗಡಿನ ಮಾಡಿನ ಒಂದು ಗ್ಯಾರೇಜ್ ಸಿಗುತ್ತದಲ್ಲ, ಅದು ಅವರದ್ದು. ಅದಕ್ಕೆ ಬೋರ್ಡಿಲ್ಲ. ಎಂಜಿನ್ ಹಾಳಾದವನು ತಾನೇ ಹುಡುಕಿಕೊಂಡು ಬರುತ್ತಾನೆ, ಬೋರ್ಡು ಯಾಕೆ ಎನ್ನುವುದು ಅವರ ಜಂಬ. ಜಂಬ ಎಂದು ಹೆಂಡತಿಯಾದ ನಾನಲ್ಲದೆ ಮತ್ಯಾರು ಹೇಳಬೇಕು? ಊರಿನವರು ಅದನ್ನು ಕೈಗುಣ ಎನ್ನುತ್ತಾರೆ. ಅವರಿಗೇನು, ಗಾಡಿ ಸ್ಟಾರ್ಟ್ ಆದರೆ ಸಾಕು.

ನಾನು ವನಜ. ಹೆಮ್ಮಾಡಿ ಮಾರ್ಕೆಟಿನಲ್ಲಿ ಮೀನು ಮಾರುತ್ತೇನೆ. ಬಾಯಿ ಜೋರು ಎಂಬ ಹೆಸರಿದೆ, ಇಲ್ಲವೆಂದು ನಾನೂ ಹೇಳುವುದಿಲ್ಲ. ಒಂದು ಬಂಗುಡೆ ಹೆಚ್ಚು ಹಾಕು ಎಂದು ಹಟ ಹಿಡಿಯುವವರ ಜೊತೆ ದಿನಾ ಕೂಗಾಡಬೇಕಾದವಳ ಬಾಯಿ ಜೋರಾಗದೆ ಇನ್ನೇನಾಗುತ್ತದೆ. ಎಂಜಿನ್ ವಿಷಯ ಇವಳಿಗೇನು ಗೊತ್ತು ಎಂದು ಮಾತ್ರ ಯಾರೂ ಅಂದುಕೊಳ್ಳಬೇಡಿ. ಮದುವೆಯಾದಂದಿನಿಂದ ಊಟದ ಜೊತೆ ನೆಂಚಿಕೊಂಡದ್ದೇ ಅದನ್ನು.

ಅವರು ಹುಟ್ಟಿದ್ದು ಕಡಲ ಬದಿಯ ಕಂಚುಗೋಡಿನಲ್ಲಿ. ಮೀಸೆ ಬರುವ ಮೊದಲೇ ಗಂಗೊಳ್ಳಿಯಲ್ಲಿ ದೋಣಿಗಳು ಬಂದು ಕಟ್ಟುವ ದಕ್ಕೆಯಲ್ಲಿ ಅವುಗಳ ಎಂಜಿನ್ ಬಿಚ್ಚುವ ಕೆಲಸಕ್ಕೆ ಸೇರಿಕೊಂಡರು. ನಾಡದೋಣಿಯ ಹಿಂದೆ ಕಟ್ಟುವ ಎಂಜಿನ್ ಓಡುವುದು ಸೀಮೆಎಣ್ಣೆಯಲ್ಲಿ. ಚಿಮಣಿ ಎಣ್ಣೆ ಎನ್ನುತ್ತೇವೆ ನಮ್ಮಲ್ಲಿ. ಅದರಲ್ಲಿ ನೀರು ಸೇರಿದೆಯೋ, ಪೆಟ್ರೋಲ್ ಹೆಚ್ಚಾಗಿದೆಯೋ, ಆಯಿಲ್ ಸುಟ್ಟಿದೆಯೋ, ಎಲ್ಲವನ್ನೂ ಅವರು ಮೂಸಿ ಹೇಳುತ್ತಿದ್ದರು. ದಕ್ಕೆಯ ತುಂಬಾ ಗೋವರ್ಧನನ ಮೂಗು ಎಂದೇ ಮಾತು. ಎಂಜಿನ್ ಹೆಗಲ ಮೇಲೆ ಹೊತ್ತು ದೋಣಿಗೂ ದಡಕ್ಕೂ ಅಲೆದು ಅಲೆದು ಸೊಂಟ ಕೈಕೊಟ್ಟ ಮೇಲೆ ರಸ್ತೆ ಬದಿಗೆ ಬಂದು ಗ್ಯಾರೇಜ್ ಹಾಕಿದರು. ಸೊಂಟ ದಕ್ಕೆಯಲ್ಲೇ ಉಳಿಯಿತು, ಮೂಗು ಮಾತ್ರ ಜೊತೆಗೆ ಬಂತು.

ಮೂಗಿನ ಜೊತೆಗೆ ಒಂದು ಅಭ್ಯಾಸವೂ ಬಂತು. ಎಂಜಿನ್ನಿನಿಂದ ಏನೇ ಬಿಚ್ಚಲಿ, ಮೊದಲು ಸೀಮೆಎಣ್ಣೆಯ ತಟ್ಟೆಯಲ್ಲಿ ಅದ್ದಿ, ಬ್ರಶ್ಶಿನಲ್ಲಿ ತಿಕ್ಕಿ, ಒರೆಸಿ, ಆಮೇಲೇ ಕಣ್ಣಿಗೆ ಹಿಡಿಯುವುದು. ಉಪ್ಪುನೀರು ಕುಡಿದ ದೋಣಿ ಎಂಜಿನ್ನಿಗೆ ಹಾಗೆ ಮಾಡದೆ ಏನೂ ಕಾಣಿಸುತ್ತಿರಲಿಲ್ಲವಂತೆ. ಹಾಗಾಗಿ ಅವರ ಕೈಗೆ ಯಾವಾಗಲೂ ಆ ವಾಸನೆ. ಸೋಪು ಹಾಕಲಿ, ಹುಣಸೆಹಣ್ಣು ತಿಕ್ಕಲಿ, ಹೋಗುವುದಿಲ್ಲ. ಮೀನು ಮಾರುವವಳ ಕೈಗೂ ವಾಸನೆ ಇದ್ದದ್ದೇ, ಹಾಗಾಗಿ ನಾನು ಹೆಚ್ಚು ಮಾತಾಡುವಂತಿರಲಿಲ್ಲ. ತಮಾಷೆ ಮಾಡುತ್ತಿದ್ದವನು ನನ್ನ ತಮ್ಮ ಜಿತೇಂದ್ರ.

"ಅಕ್ಕಾ, ಭಾವ ಬಡ್ಸೂದ್ ಬೇಡ ಮಾರಾಯ್ತಿ. ಅನ್ನಕ್ಕೆ ಬೆಂಕಿ ಹಿಡಿತ್" ಎನ್ನುತ್ತಿದ್ದ ಊಟಕ್ಕೆ ಕೂತಾಗ.

ಇವರು ಬೇಕೆಂದೇ ಅವನ ಬಟ್ಟಲಿಗೆ ತಮ್ಮ ಕೈಯಿಂದಲೇ ಒಂದು ಮೀನಿನ ತುಂಡು ಹಾಕುತ್ತಿದ್ದರು. ಅವನು ಮೂಗು ಮುಚ್ಚಿಕೊಂಡು ತಿನ್ನುತ್ತಿದ್ದ. ಅಷ್ಟು ಸಲಿಗೆ ಭಾವ ಭಾವನೆಂಟರ ನಡುವೆ.

ಜಿತೇಂದ್ರನಿಗೆ ಕಡಲು ಆಗಿಬರುವುದಿಲ್ಲ. ಮೀನುಗಾರರ ಮನೆಯಲ್ಲಿ ಹುಟ್ಟಿ ದೋಣಿ ಹತ್ತಿದರೆ ವಾಂತಿ ಮಾಡುವವನು ಅವನೊಬ್ಬನೇ ಇರಬೇಕು. ದೋಣಿ ಅಳಿವೆ ದಾಟುವಷ್ಟರಲ್ಲಿ ಕರುಳೆಲ್ಲ ಬಾಯಿಗೆ ಬರುತ್ತಿತ್ತು. ಊರಿಡೀ ನಗುತ್ತಿದ್ದಾಗ ಅವನನ್ನು ಕರೆದು ಸ್ಟಿಯರಿಂಗ್ ಹಿಡಿಸಿದ್ದು ನಮ್ಮ ಮನೆಯವರೇ. ಲೈಸೆನ್ಸ್ ಮಾಡಿಸಿ, ವಂಡ್ಸೆಯ ರತ್ನಾಕರ ಶೆಟ್ಟರ ಪಿಕಪ್ಪಿಗೆ ಡ್ರೈವರನಾಗಿ ಸೇರಿಸಿದ್ದೂ ಅವರೇ. ಬೆಳಿಗ್ಗೆ ಗಂಗೊಳ್ಳಿ ದಕ್ಕೆಯಲ್ಲಿ ಮೀನು ತುಂಬಿಸಿ, ನನಗೆ ಬೇಕಾದ ಕ್ರೇಟುಗಳನ್ನು ಹೆಮ್ಮಾಡಿಯಲ್ಲಿ ಇಳಿಸಿ, ವಂಡ್ಸೆ, ಕೆರಾಡಿ, ಸಿದ್ದಾಪುರದ ಕಡೆ ಹೋಗುತ್ತಿದ್ದ. ಕೆಲಸ ಸಿಕ್ಕಿದ ಮೇಲೆ ನಮ್ಮ ಅಬ್ಬಿಯ, ಅಂದರೆ ಅಮ್ಮನ, ಮುಖದಲ್ಲಿ ಬೆಳಕು ಬಂದಿತ್ತು. ಅವನು ಅಬ್ಬಿಯ ಜೊತೆ ಇರುವ ಮನೆಯೇ ನನ್ನ ತವರು.

ಮಳೆಗಾಲಕ್ಕೆ ದೋಣಿಗಳು ದಡ ಹತ್ತುವ ಮೊದಲು, ಮೇ ತಿಂಗಳ ಕೊನೆಗೆ, ಆ ಪಿಕಪ್ ಮಿಸ್ಸಿಂಗ್ ಹೊಡೆಯತೊಡಗಿತು. ಸಮತಟ್ಟಿನಲ್ಲಿ ಸರಿಯಾಗಿಯೇ ಓಡುವುದು, ಕೆರಾಡಿಯ ಏರು ಬಂದ ಕೂಡಲೇ ಗಡಗಡ ನಡುಗಿ, ಎಳೆಯಲಾರದೆ ನಿಲ್ಲುವುದು. ಸ್ಟಿಯರಿಂಗಿನ ಎದುರು ಎಂಜಿನ್ ಕೆಟ್ಟಿದೆ ಎನ್ನುವ ಹಳದಿ ಲೈಟು ಮಿಣಮಿಣ. ಪೆಟ್ರೋಲ್ ಬೇರೆ ಕುಡಿಯುವುದಕ್ಕೆ ಶುರುವಾಯಿತು. ಶೆಟ್ಟರಿಗೆ ಮೊದಲೇ ಅನುಮಾನದ ಸ್ವಭಾವ. ಡ್ರೈವರನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಓಡಿಸಿಕೊಂಡು ಗ್ಯಾರೇಜಿಗೆ ಬಂದರು.

ಇವರು ಡ್ರೈವರ್ ಸೀಟು ಎತ್ತಿದರು. ಆ ಪಿಕಪ್ಪಿಗೆ ಎಂಜಿನ್ ಇರುವುದು ಅದರ ಕೆಳಗೆ. ಪ್ಲಗ್ ಬಿಚ್ಚಿ ನೋಡಿದರು, ಮೂಸಿದರು. ಟ್ಯಾಂಕಿನ ಮುಚ್ಚಳ ತಿರುಗಿಸಿ ಅದನ್ನೂ ಮೂಸಿದರು. ಮತ್ತೊಮ್ಮೆ ಪ್ಲಗ್ ಮೂಸಿದರು.

"ಶೆಟ್ರೆ, ಇದ್ರಲ್ಲಿ ಚಿಮಣಿ ಎಣ್ಣಿ ಇತ್" ಎಂದರು.

ಅಷ್ಟೇ ಮಾತು. ನಮ್ಮ ಕಡೆಯವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ದಕ್ಕೆಯಲ್ಲಿ ಎಲ್ಲರ ದೋಣಿಯಲ್ಲೂ ಸೀಮೆಎಣ್ಣೆ ಕ್ಯಾನಿರುತ್ತದೆ, ಜಿತೇಂದ್ರನಿಗೆ ಎಲ್ಲರೂ ದೋಸ್ತರು. ಶೆಟ್ಟರ ಪೆಟ್ರೋಲ್ ತೆಗೆದು ಮಾರಿಕೊಂಡು, ಅದರ ಜಾಗಕ್ಕೆ ದೋಣಿಯ ಎಣ್ಣೆ ಸುರಿದಿದ್ದಾನೆ ಎಂದಾಯಿತು.

"ಭಾವ, ನಾನ್ ಬೆರ್ಸಲಿಲ್ಲ" ಎಂದ ಜಿತೇಂದ್ರ.

"ನನ್ನ ಮೂಗ್ ಸುಳ್ಳ್ ಹೇಳ್ತಾ ಹಾಂಗಾರೆ?" ಎಂದರು ಇವರು.

ಹೆಂಡತಿಯ ತಮ್ಮ ಎಂದು ಮುಚ್ಚಿಡಲಿಲ್ಲ, ನ್ಯಾಯ ಎಂದರೆ ಗೋವರ್ಧನ ಎಂದು ಶೆಟ್ಟರು ಊರೆಲ್ಲ ಹೊಗಳಿದರು. ಇವರಿಗೂ ಒಳಗೊಳಗೇ ಅದು ಹಿಡಿಸಿತು, ಸುಳ್ಳು ಯಾಕೆ ಹೇಳಲಿ. ಟ್ಯಾಂಕಿನ ಎಣ್ಣೆಯನ್ನೆಲ್ಲ ಗುಂಡಿಗೆ ಸುರಿದು, ಪ್ಲಗ್ ಉಜ್ಜಿ ಹಾಕಿ, ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿದರು. ಹೊಸ ಡ್ರೈವರ್ ಸಿಗುವವರೆಗೆ ಅದು ಅಲ್ಲೇ ಒಣಗುತ್ತಾ ನಿಂತಿತ್ತು. ಆಮೇಲೆ ಹೊಸ ಪೆಟ್ರೋಲ್ ಹಾಕಿ ಏರಿನಲ್ಲಿ ಓಡಿಸಿದರೆ ಹೂವಿನಂತೆ ಹೋಯಿತು. ಇನ್ನು ಯಾರಿಗೆ ಯಾವ ಸಾಕ್ಷಿ ಬೇಕು?

ಕೆಲಸ ಹೋದದ್ದನ್ನು ಜಿತೇಂದ್ರ ತಡೆದುಕೊಂಡಾನು. ಕಳ್ಳ ಎಂದದ್ದನ್ನು ತಡೆದುಕೊಳ್ಳಲಿಲ್ಲ. ನಮ್ಮವರ ಗುರಿಕಾರ, ಅಂದರೆ ಊರಿನ ಹಿರಿಯ, ಪ್ರೇಮಾನಂದಣ್ಣನ ಹತ್ತಿರ ಹೋಗಿ ಆಣೆ ಹಾಕುತ್ತೇನೆ ಎಂದ. ಅವರು ಬುದ್ಧಿ ಹೇಳಿ ನೋಡಿದರು, ಮನೆ ಮನೆಯೊಳಗೆ ಆಣೆ ಬೇಡ ಎಂದರು. ಕೇಳಲಿಲ್ಲ. ಕಡಲ ಬದಿಯಲ್ಲಿ ಮೀನುಗಾರರ ದೈವ ಬೊಬ್ಬರ್ಯನ ಗುಡಿ ಇದೆ. ಜಿತೇಂದ್ರ, ಇವರು ಇಬ್ಬರೂ ಮಿಂದು ಒದ್ದೆ ಬಟ್ಟೆಯಲ್ಲಿ ಅದರ ಮೆಟ್ಟಿಲ ಮೇಲೆ ನಿಂತರು. ಶೆಟ್ಟರೂ ಬಂದಿದ್ದರು, ಊರಿನವರೂ ಇದ್ದರು.

ಜಿತೇಂದ್ರ ಮೆಟ್ಟಿಲು ಮುಟ್ಟಿ ಹೇಳಿದ. "ನಾನ್ ಬೆರ್ಸಿದ್ರೆ ಬೊಬ್ಬರ್ಯ ಕಾಣ್ಲಿ. ನಾನ್ ಬೆರ್ಸದ್ದೆ ಇದ್ದ್ರೂ ಭಾವ ಹಾಂಗ್ ಹೇಳಿದ್ರೆ ಅದನ್ನೂ ಅವನೇ ಕಾಣ್ಲಿ. ಇವತ್ತಿಂದ ಇವ್ರ ಮನಿ ನೀರ್ ನಂಗಿಲ್ಲ, ನನ್ನ ಮನಿ ನೀರ್ ಇವ್ರಿಗಿಲ್ಲ."

ಇವರೂ ಅದೇ ಮೆಟ್ಟಿಲು ಮುಟ್ಟಿದರು. "ನಾನ್ ಮೂಸಿ ಕಂಡದ್ದ್ ಸುಳ್ಳಲ್ಲ" ಎಂದರು.

ಆಣೆ ಬಿದ್ದ ಮೇಲೆ ಎರಡು ಮನೆಗಳ ನಡುವೆ ನೀರು ನಿಂತಂತೆ. ಒಬ್ಬರ ಮನೆಯಲ್ಲಿ ಒಬ್ಬರು ಒಂದು ಗುಟುಕು ಕುಡಿಯುವಂತಿಲ್ಲ. ಮತ್ತೆ ಅದೇ ಮೆಟ್ಟಿಲಿಗೆ ಬಂದು ತಪ್ಪಿದವನು ತಪ್ಪೊಪ್ಪಿಕೊಂಡು, ಒಬ್ಬರ ಕೈಯಿಂದ ಒಬ್ಬರು ನೀರು ಕುಡಿದು ಬಿಡಿಸಿಕೊಳ್ಳುವವರೆಗೂ ಅಷ್ಟೇ. ನಡುವೆ ನಿಂತ ನಾನು ಯಾರ ಮನೆಯವಳು? ಗಂಡನ ಮನೆಯವಳು. ಆ ದಿನ ನಾನು ಅಲ್ಲೇ ಇದ್ದೆ. ಒಂದು ಬಂಗುಡೆಗೆ ಇಡೀ ಮಾರ್ಕೆಟ್ಟಿಗೆ ಕೇಳುವಂತೆ ಕೂಗುವ ಬಾಯಿ ನನ್ನದು, ತಮ್ಮನನ್ನು ಕಳ್ಳ ಎಂದಾಗ ತೆರೆಯಲಿಲ್ಲ. ಇವರ ಮೂಗನ್ನು ನಾನೂ ನಂಬಿದ್ದೆ.

ಮಳೆ ಹಿಡಿಯಿತು. ಅಬ್ಬಿಗೆ ಜ್ವರ ಎಂದು ಕೇಳಿ ನೋಡಲು ಹೋದೆ. ಜಿತೇಂದ್ರ ಮನೆಯಲ್ಲಿರಲಿಲ್ಲ. ಅಬ್ಬಿ ಎದ್ದು, ಅಭ್ಯಾಸದಂತೆ ಚೊಂಬಿನಲ್ಲಿ ನೀರು, ಬಟ್ಟಲಲ್ಲಿ ಬೆಲ್ಲದ ತುಂಡು ತಂದಳು. ನನ್ನ ಎದುರು ಇಡುವಾಗ ಅವಳಿಗೆ ನೆನಪಾಯಿತು.  ಚೊಂಬು ಹಿಡಿದುಕೊಂಡೇ ಜಗಲಿಯ ತುದಿಗೆ ಹೋಗಿ ಆ ನೀರನ್ನು ಮಳೆಗೇ ಚೆಲ್ಲಿದಳು.

"ಸುರು ಮಳಿ. ನೆನಿಬೇಡ, ಬೇಗ ಹೋಗ್" ಎಂದಳು.

ನಾನು ದಾರಿಯುದ್ದಕ್ಕೂ ಅತ್ತೆ. ಮನೆಗೆ ಬಂದು ಇವರಿಗೆ ಹೇಳಿದೆ. ಇವರು ಬೀಡಿ ಹಚ್ಚಿದರು.

ಆ ಮಳೆಗಾಲದಲ್ಲಿ ಮೀನಿರಲಿಲ್ಲ, ಶೆಟ್ಟರ ಪಿಕಪ್ಪಿನಲ್ಲಿ ತೆಂಗಿನಕಾಯಿ ಹೋಗುತ್ತಿತ್ತು. ಹೊಸ ಡ್ರೈವರ್ ಸೋಮ, ಸಿದ್ದಾಪುರದವನು, ಒಂದು ದಿನವೂ ದೂರು ತರಲಿಲ್ಲ. ಗಾಡಿ ಗ್ಯಾರೇಜಿನ ಎದುರು ಹಾದು ಹೋದಾಗಲೆಲ್ಲ ಇವರು ಕಿವಿಗೊಟ್ಟು ಕೇಳಿ ತಲೆಯಾಡಿಸುತ್ತಿದ್ದರು. ಅತ್ತ ಜಿತೇಂದ್ರನಿಗೆ ಒಬ್ಬರೂ ಗಾಡಿ ಕೊಡಲಿಲ್ಲ. ಬೈಂದೂರಿಗೆ ಹೋದ, ಬ್ರಹ್ಮಾವರಕ್ಕೆ ಹೋದ, ಎಲ್ಲಿ ಹೋದರೂ ಅವನಿಗಿಂತ ಮೊದಲು ಅವನ ಸುದ್ದಿ ಹೋಗಿರುತ್ತಿತ್ತು. ಗೋವರ್ಧನನೇ ಹೇಳಿದ್ದಾನಂತೆ, ಸ್ವಂತ ಭಾವ ಸುಳ್ಳು ಹೇಳುತ್ತಾನೆಯೇ ಎನ್ನುತ್ತಿದ್ದರು. ಆಗಸ್ಟಿನಲ್ಲಿ ದೋಣಿಗಳು ಕಡಲಿಗಿಳಿದಾಗ ಅವನೂ ಬಲೆ ಎಳೆಯಲು ಹತ್ತಿದ. ವಾಂತಿಗೆ ಏನೂ ಇರಬಾರದು ಎಂದು ಖಾಲಿ ಹೊಟ್ಟೆಯಲ್ಲೇ ಹೋಗುತ್ತಾನೆ ಅಂತ ದಕ್ಕೆಯ ಹೆಂಗಸರು ನನಗೆ ಹೇಳಿದರು.

ಮೀನು ಬಂದ ವಾರದಲ್ಲೇ ಪಿಕಪ್ ಮತ್ತೆ ಮಿಸ್ಸಿಂಗ್ ಹೊಡೆಯಿತು. ಅದೇ ಏರು, ಅದೇ ನಡುಕ, ಅದೇ ಹಳದಿ ಲೈಟು. ಸೋಮ ಗಾಡಿಯನ್ನು ಗ್ಯಾರೇಜಿಗೆ ತಂದ. ನಾನು ಇವರಿಗೆ ಮಧ್ಯಾಹ್ನದ ಊಟ ಕೊಡಲು ಹೋಗಿದ್ದೆ.

ಇವರು ಸೀಟು ಎತ್ತಿ ಒಂದು ಪ್ಲಗ್ ಬಿಚ್ಚಿದರು. ತಟ್ಟೆಯಲ್ಲಿ ಅದ್ದಿ, ಬ್ರಶ್ಶಿನಲ್ಲಿ ತಿಕ್ಕಿ, ಒರೆಸಿ, ಮೂಗಿಗೆ ಹಿಡಿದರು.

"ನೀನೂ ಶುರು ಮಾಡ್ದ್ಯಾ ಸೋಮ? ಚಿಮಣಿ ಎಣ್ಣಿ."

ಸೋಮ ಹೆದರಲಿಲ್ಲ, ನಕ್ಕುಬಿಟ್ಟ. "ಎಂತ ಹೇಳ್ತ್ರಿ ಗೋವರ್ಧನಣ್ಣ. ಬೆಳಿಗ್ಗೆ ಶೆಟ್ರೇ ಬಂಕಲ್ಲಿ ನಿಂತ್ ಟ್ಯಾಂಕ್ ತುಂಬ್ಸಿದ್. ಅಲ್ಲಿಂದ ಅವ್ರೇ ನನ್ನ ಬದಿಗೆ ಕೂಕಂಡ್ ಬಂದದ್ದ್. ಹೆಮ್ಮಾಡಿಯಂಗೆ ಇಳ್ದ್ರ್, ಚಾ ಕುಡೂಕೆ."

ಇವರ ಕೈ ನಿಂತಿತು. ಪ್ಲಗ್ಗನ್ನು ಮತ್ತೆ ಮೂಸಿದರು. ಆಮೇಲೆ ಎರಡನೇ ಪ್ಲಗ್ ಬಿಚ್ಚಿದರು. ಕೈ ತಾನಾಗಿಯೇ ತಟ್ಟೆಯ ಕಡೆ ಹೋಯಿತು, ಅರ್ಧದಲ್ಲಿ ತಡೆದು ಹಿಂದಕ್ಕೆ ತಂದರು. ಬಟ್ಟೆಯ ತುದಿಯಲ್ಲಿ ಹಿಡಿದು, ಅದ್ದದೆ, ಹಾಗೆಯೇ ಮೂಸಿದರು. ಆಮೇಲೆ ಅದನ್ನು ಅದ್ದಿ ಮೂಸಿದರು. ಕೊನೆಗೆ ಖಾಲಿ ಬೆರಳುಗಳನ್ನು ಮೂಗಿನ ಹತ್ತಿರ ತಂದು ಅಲ್ಲೇ ಇಟ್ಟುಕೊಂಡು ನಿಂತರು. ನನಗೆ ಆಗ ಏನೂ ಅರ್ಥವಾಗಲಿಲ್ಲ. ಇವರ ಮುಖದ ಬಣ್ಣ ಮಾತ್ರ ಹೋದದ್ದು ಕಂಡೆ.

"ಎಂತ ಆಯ್ತ್?" ಎಂದೆ.

"ನೀ ಮನಿಗ್ ಹೋಗ್" ಎಂದರು.

ಹೋದೆ. ಮುಂದಿನದ್ದನ್ನು ಅವರೇ ಆಮೇಲೆ ಹೇಳಿದ್ದು. ಎಂಜಿನ್ನಿನ ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್ ಕೂತಿರುತ್ತದೆ, ಪ್ಲಗ್ಗಿಗೆ ಕಿಡಿ ಕೊಡುವುದು ಅದು. ಎಂಜಿನ್ ಚಾಲೂ ಇಟ್ಟು ಕಾಯಿಲ್ಲಿನ ವಯರನ್ನು ಒಂದೊಂದಾಗಿ ಎಳೆದರು. ಒಂದನೆಯದನ್ನು ಎಳೆದಾಗ ಎಂಜಿನ್ ಇನ್ನಷ್ಟು ನಡುಗಿತು, ಎರಡನೆಯದಕ್ಕೂ ನಡುಗಿತು. ಮೂರನೆಯದನ್ನು ಎಳೆದರೆ ಏನೂ ವ್ಯತ್ಯಾಸವಾಗಲಿಲ್ಲ. ಅಂದರೆ ಅದು ಮೊದಲೇ ಸತ್ತಿತ್ತು. ಆ ಕಾಯಿಲ್ಲನ್ನು ಒಂದನೆಯ ಜಾಗಕ್ಕೂ ಒಂದನೆಯದನ್ನು ಮೂರನೆಯ ಜಾಗಕ್ಕೂ ಬದಲಿಸಿದರು. ಮಿಸ್ಸಿಂಗ್ ಕೂಡ ಒಂದನೆಯದಕ್ಕೆ ಬಂತು. ಕಾಯಿಲ್ಲನ್ನು ಬೆಳಕಿಗೆ ಹಿಡಿದರೆ ಕೆಳಗಿನ ರಬ್ಬರಿನಲ್ಲಿ ಕೂದಲೆಳೆಯಷ್ಟು ಬಿರುಕು, ಅದರ ಸುತ್ತ ಬಿಳಿ ಉಪ್ಪು. ಇಳಿಜಾರಿನಲ್ಲಿ ಕ್ರೇಟಿನ ಮೀನುನೀರು ಮುಂದಕ್ಕೆ ಹರಿದು, ಸೀಟಿನ ಕೆಳಗೆ ಸೋರಿ, ಅದರ ಮೇಲೆ ತೊಟ್ಟಿಕ್ಕುತ್ತಿತ್ತು. ಒದ್ದೆಯಾದಾಗ ಕಿಡಿ ಪ್ಲಗ್ಗಿಗೆ ಹೋಗದೆ ಬಿರುಕಿನಿಂದ ಹೊರಗೆ ಹಾರಿಹೋಗುತ್ತಿತ್ತು. ಒಣಗಿದಾಗ ಎಲ್ಲ ಸರಿ. ಬಿಸಿಲಿಗೆ ನಿಂತಾಗ ಸರಿಯಾದದ್ದು ಅದಕ್ಕೇ. ತೆಂಗಿನಕಾಯಿ ಹೊತ್ತಾಗ ಸುಮ್ಮನಿದ್ದದ್ದೂ ಅದಕ್ಕೇ.

ಚಿಮಣಿ ಎಣ್ಣೆ ಟ್ಯಾಂಕಿನಲ್ಲಿ ಇರಲೇ ಇಲ್ಲ. ಇದ್ದದ್ದು ತಟ್ಟೆಯಲ್ಲಿ, ಇವರ ಕೈಯಲ್ಲಿ.

ಇದನ್ನೆಲ್ಲ ಅವರು ಆ ದಿನ ಹೇಳಲಿಲ್ಲ. ಸೋಮನಿಗೆ "ಕಾಯಿಲ್ ಹೋಗಿತ್" ಎಂದಷ್ಟೇ ಹೇಳಿ ಹೊಸದು ಹಾಕಿ ಕಳಿಸಿದರು. ಮನೆಗೆ ಬಂದು ಬಾವಿಕಟ್ಟೆಯಲ್ಲಿ ಕೂತು ಕೈ ತೊಳೆದರು. ಬಟ್ಟೆ ಸೋಪಿನಲ್ಲಿ, ಬೂದಿಯಲ್ಲಿ, ಲಿಂಬೆಹುಳಿಯಲ್ಲಿ. ಊಟಕ್ಕೆ ಕೂತವರು ಚಮಚ ಕೇಳಿದರು.

ಮೀನುಸಾರು ಅನ್ನಕ್ಕೆ ಚಮಚ. ನಾನು ನಕ್ಕೆ. "ಎಂತ, ಹೋಟ್ಲಿಗ್ ಬಂದದ್ದ್ ಅಂದೇಳಿ ಮಾಡಿದ್ರ್ಯಾ?"

ಅವರು ನಗಲಿಲ್ಲ. ಮರುದಿನವೂ ಚಮಚ, ಅದರ ಮರುದಿನವೂ ಚಮಚ. ಎಲೆಅಡಿಕೆ ಹಾಕುವುದನ್ನು ಬಿಟ್ಟರು. ಗ್ಯಾರೇಜಿಗೆ ಯಾರಾದರೂ ಗಾಡಿ ತಂದು, ಗೋವರ್ಧನಣ್ಣ, ಒಮ್ಮೆ ಮೂಸಿ ಕಾಣಿ ಎಂದರೆ ಸಿಡುಕುತ್ತಿದ್ದರು. ಮೈ ಹುಷಾರಿಲ್ಲವೇನೋ ಎಂದು ನಾನು ಕಷಾಯ ಮಾಡಿಕೊಟ್ಟೆ, ಎಂಥ ಮಂಕು ನಾನು. ಕೊನೆಗೊಂದು ಸಂಜೆ ನಾನು ಮೀನು ಕೊಯ್ಯುತ್ತಾ ಕೂತಿದ್ದಾಗ ಎದುರು ಬಂದು ಕುಕ್ಕರುಗಾಲಲ್ಲಿ ಕೂತರು. ಕಿಸೆಯಿಂದ ಆ ಕಾಯಿಲ್ ತೆಗೆದು ನನ್ನ ಮಣೆಯ ಪಕ್ಕ ಇಟ್ಟು ಎಲ್ಲವನ್ನೂ ಹೇಳಿದರು. ಹೇಳುವಾಗ ಒಮ್ಮೆಯೂ ಮುಖ ಎತ್ತಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. ಕತ್ತಿ ಕೆಳಗಿಟ್ಟೆ, ಕೈಯಲ್ಲಿರುವುದು ಬೇಡ ಅನಿಸಿತು.

"ಎಷ್ಟ್ ದಿನ ಆಯ್ತ್ ನಿಮ್ಗ್ ಗೊತ್ತಾಯಿ?"

"ಗಾಡಿ ಬಂದ ದಿನವೇ."

"ಮತ್ತ್ ಎಂತಕೆ ಬಾಯಿ ಬಿಡ್ಲಿಲ್ಲ?"

"ಶೆಟ್ರತ್ರ ಹೇಳ್ದೆ. ಮುಗ್ದದ್ದ್ ಮುಗ್ದಿತ್, ಯಾರಿಗೂ ಗೊತ್ತಿಲ್ಲೆ, ಎಂತಕೆ ಕೆದ್ಕೂದ್ ಅಂದ್ರ್." ಮಣೆಯ ಪಕ್ಕದ ಕಾಯಿಲ್ಲನ್ನು ಮತ್ತೆ ಕೈಗೆತ್ತಿಕೊಂಡರು. "ನಂಗೂ ಹಾಂಗೇ ಕಂಡಿತ್ ವನಜ. ಇದ್ ಹೇಳ್ರೆ ನನ್ನ ಹತ್ರ ಯಾರ್ ಗಾಡಿ ತತ್ರ್?"

"ನಿಮ್ಗ್ ಗಾಡಿ ಬಪ್ಪದ್ ಬಿಟ್ರೆ ಬೇರೆ ಎಂತ ಇಲ್ಯಾ? ಅಲ್ಲಿ ನನ್ನ ತಮ್ಮ ಖಾಲಿ ಹೊಟ್ಟಿಯಂಗೆ ದೋಣಿ ಹತ್ತತ. ನನ್ನ ಅಬ್ಬಿ ನಂಗ್ ತಂದ ನೀರ್ ಹೊರ್ಗ್ ಚೆಲ್ಲಿತ್. ನೀವ್ ಇಲ್ಲಿ ಚಮಚದಲ್ಲಿ ಉಣ್ತ್ರಿ."

ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಪಕ್ಕದ ಮನೆಯವರು ಹೊರಗೆ ಬಂದು ನೋಡಿ ಒಳಗೆ ಹೋದರು.  ನೀವು ಹೇಳದಿದ್ದರೆ ನಾನೇ ಹೋಗಿ ಹೇಳುತ್ತೇನೆ ಎಂದೆ. ಹೇಳಿದ ಮೇಲೆ ನನಗೇ ಹೊಳೆಯಿತು, ನಾನು ಹೇಳಿ ಪ್ರಯೋಜನವಿಲ್ಲ. ಆಣೆ ಹಾಕಿದವರೇ ಮೆಟ್ಟಿಲಿಗೆ ಬರಬೇಕು. ಇವರು ಬಾಯಿ ತೆರೆಯದಿದ್ದರೆ ನನ್ನ ತಮ್ಮ ಸಾಯುವವರೆಗೂ ಕಳ್ಳನೇ, ನಾನು ಸಾಯುವವರೆಗೂ ತವರಿನ ಬಾಗಿಲಲ್ಲಿ ಒಣಬಾಯಿಯಲ್ಲಿ ನಿಲ್ಲುವವಳೇ. ಅಷ್ಟು ಹೊತ್ತು ಬೈದವಳಿಗೆ ಅಲ್ಲಿ ಅಳು ಬಂತು.

"ಅಳ್ಬೇಡ. ನಾಳೆ ಹೋಪ" ಎಂದರು.

ಬೆಳಿಗ್ಗೆ ಗ್ಯಾರೇಜ್ ತೆರೆಯಲಿಲ್ಲ. ಇಬ್ಬರೂ ಗಂಗೊಳ್ಳಿ ದಕ್ಕೆಗೆ ಹೋದೆವು. ದೋಣಿ ಬಂದು ಕಟ್ಟಿದ ಮೇಲೆ ಜಿತೇಂದ್ರ ಬುಟ್ಟಿ ಹೊತ್ತುಕೊಂಡು ಇಳಿದ. ಕೆನ್ನೆ ಒಳಗೆ ಹೋಗಿತ್ತು, ಅಂಗಿ ಬೇರೆ ಯಾರದ್ದೋ ಎಂಬಂತೆ ಜೋತಾಡುತ್ತಿ‌ತ್ತು. ಒಂದು ಮಳೆಗಾಲದಲ್ಲಿ ಇವರು ನನ್ನ ತಮ್ಮನನ್ನು ಹೀಗೆ ಮಾಡಿದ್ದರು. ಇವರು ಅಡ್ಡ ಹೋಗಿ ನಿಂತರು.

"ಜಿತು, ತಪ್ಪ್ ನಂದ್. ಕಾಯಿಲ್ ಹೋದದ್ದ್. ನೀ ಎಂತದೂ ಬೆರ್ಸಲಿಲ್ಲ."

ಜಿತೇಂದ್ರ ಬುಟ್ಟಿ ಇಳಿಸಲಿಲ್ಲ. ಭಾವನ ಮುಖ ನೋಡಿದ, ನನ್ನ ಮುಖ ನೋಡಿದ. ಪಕ್ಕಕ್ಕೆ ಸರಿದು ಹೋಗಿ, ಬುಟ್ಟಿ ಸುರಿದು, ಖಾಲಿ ಬುಟ್ಟಿ ಹಿಡಿದು ವಾಪಸು ಬಂದ.

"ನಾನ್ ಬೆರ್ಸಲಿಲ್ಲ ಅಂದೇಳಿ ನಂಗ್ ಗೊತ್ತಿತ್ ಭಾವ. ನಂಗ್ ಹೇಳಿ ಎಂತ ಆಯ್ಕ್? ಎಲ್ಲಿ ಹೇಳಿದ್ರಿಯೋ ಅಲ್ಲೇ ಹೇಳಿ."

ಇವರು ತಲೆಯಾಡಿಸಿದರು. ಅಲ್ಲಿಂದಲೇ ಪ್ರೇಮಾನಂದಣ್ಣನ ಮನೆಗೆ ಹೋದರು. ಹಿಂದೆ ಯಾರೆಲ್ಲ ಇದ್ದರೋ ಅವರೆಲ್ಲ ಬರಬೇಕು, ಒಬ್ಬರೂ ತಪ್ಪಬಾರದು ಎಂದು ಇವರೇ ಹಟ ಹಿಡಿದು ಹೇಳಿಕಳಿಸಿದರು. ವಂಡ್ಸೆಗೆ ಹೋಗಿ ಶೆಟ್ಟರನ್ನೂ ಕರೆದರು. ಬರುವುದಿಲ್ಲ ಎಂದರಂತೆ ಶೆಟ್ಟರು. ನೀವು ಬರದಿದ್ದರೆ ನಿಮ್ಮ ಗಾಡಿ ಇನ್ನು ನಾನು ಮುಟ್ಟುವುದಿಲ್ಲ ಎಂದು ಹೇಳಿ ಬಂದರಂತೆ. ಶೆಟ್ಟರು ಬಂದರು.

ಮೆಟ್ಟಿಲ ಮೇಲೆ ಮತ್ತೆ ಇಬ್ಬರೂ ಒದ್ದೆ ಬಟ್ಟೆಯಲ್ಲಿ ನಿಂತರು. ಇಂಥ ಹೊತ್ತಿನಲ್ಲಿ ತಪ್ಪಾಯಿತು ಎಂದು ಒಂದು ಮಾತು ಹೇಳಿ, ತಪ್ಪುಕಾಣಿಕೆ ಇಟ್ಟು ಮುಗಿಸುವುದು ವಾಡಿಕೆ. ಪ್ರೇಮಾನಂದಣ್ಣನೂ ಅಷ್ಟನ್ನೇ ಹೇಳಿಕೊಟ್ಟರು. ಇವರು ಅದಕ್ಕೆ ಒಪ್ಪಲಿಲ್ಲ. ಕಾಯಿಲ್ ಕೈಯಲ್ಲಿ ಹಿಡಿದು ಬಿರುಕು ತೋರಿಸಿದರು. ಮೀನುನೀರು ಹೇಗೆ ಸೋರುತ್ತಿತ್ತು, ಬಿಸಿಲಿಗೆ ಹೇಗೆ ಒಣಗಿತು, ವಯರ್ ಎಳೆದು, ಜಾಗ ಬದಲಿಸಿ ನೋಡುವ ಪರೀಕ್ಷೆ ತನಗೆ ಮೊದಲೇ ಗೊತ್ತಿದ್ದರೂ ಆ ದಿನ ಯಾಕೆ ಮಾಡಲಿಲ್ಲ, ಎಲ್ಲ ಹೇಳಿದರು. ಮೂಸಿದ ಮೇಲೆ ನೋಡುವುದೇನಿದೆ ಎಂದುಕೊಂಡೆ ಎಂದರು. ಪ್ಲಗ್ಗನ್ನು ತಟ್ಟೆಯಲ್ಲಿ ಅದ್ದಿ ಮೂಸಿದ್ದನ್ನೂ ಬಿಡದೆ ಹೇಳಿದರು. 

ಪ್ರೇಮಾನಂದಣ್ಣ ಮೆಲ್ಲಗೆ ಕೇಳಿದರು. "ಅಂದ್ರೆ ಮೂಗಿಂದ್ ತಪ್ಪ್ ಅಂಬುದಾ ಗೋವರ್ಧನ?"

"ಇಲ್ಲೆ. ಮೂಗ್ ಸರಿಯೇ ಹೇಳಿತ್. ಆ ವಾಸ್ನಿ ಯಾರದ್ದ್ ಅಂದೇಳಿ ನಾನ್ ಕೇಳ್ಲಿಲ್ಲ."

ಶೆಟ್ಟರು ನೆಲ ನೋಡುತ್ತಾ ನಿಂತಿದ್ದರು. ಪಿಕಪ್ ಕೀ ಬೇಕಾದರೆ ಈಗಲೇ ತೆಗೆದುಕೊ ಎಂದರು ಜಿತೇಂದ್ರನಿಗೆ. ಅವನು ಆ ಕಡೆ ತಿರುಗಲೂ ಇಲ್ಲ. ಅಬ್ಬಿ ಚೊಂಬಿನಲ್ಲಿ ನೀರು ತಂದಿದ್ದಳು, ಆ ಮಳೆಯ ದಿನ ನನಗೆ ತಂದಿದ್ದ ಅದೇ ಚೊಂಬು.

ಮೊದಲು ಜಿತೇಂದ್ರ ಬೊಗಸೆ ಒಡ್ಡಿ ನೀರು ಹಿಡಿದ. ಇವರು ಬಗ್ಗಿ ಅವನ ಬೊಗಸೆಯಿಂದ ಕುಡಿದರು. ಆಮೇಲೆ ಇವರು ಬೊಗಸೆ ಒಡ್ಡಬೇಕು. ಅಲ್ಲಿ ತಡೆದರು. ಅಷ್ಟು ದಿನ ಸೋಪು, ಬೂದಿ, ಲಿಂಬೆ ಹಾಕಿ ತಿಕ್ಕಿದ ಕೈ, ಕೆಂಪಾಗಿ ಚರ್ಮ ಸುಲಿದಿತ್ತು. ಒಡ್ಡಿದರು. ಅಬ್ಬಿ ನೀರು ಸುರಿದಳು. ಬೆರಳ ಸಂದಿನಿಂದ ನೀರು ಇಳಿಯತೊಡಗಿತು.

ಜಿತೇಂದ್ರ ಬಗ್ಗಿ ಬಾಯಿ ಇಟ್ಟ. ಒಂದು ಗುಟುಕು ಕುಡಿದು ನಿಲ್ಲಿಸಿದ. ತಲೆ ಎತ್ತದೆ, ಮೆಲ್ಲಗೆ ಹೇಳಿದ.

"ಭಾವ, ಚಿಮಣಿ ಎಣ್ಣಿ ವಾಸ್ನಿ."

"ಹೌದ್ ಜಿತು" ಎಂದರು ಇವರು. "ಅದ್ ನಂದೇ."

ಬೊಗಸೆಯಲ್ಲಿ ಉಳಿದಿದ್ದ ನೀರನ್ನು ಜಿತೇಂದ್ರ ಅಷ್ಟೂ ಕುಡಿದ.